ಹೊಳೆ ದಾಟಿದ ಮೇಲೆ ಬಿಡಾರವೆಲ್ಲಿ?

ತಾರಿಯಿಂದ ಇಳಿದ ಪ್ರಯಾಣಿಕನು ಆಚೆಯ ದಡವನ್ನು ಮೊದಲು ಕಾಣುವುದು ಬಹುಮಟ್ಟಿಗೆ ಸಂಜೆಯ ಹೊತ್ತಿನಲ್ಲಿ. ಹಗಲೆಲ್ಲ ನಡೆದೋ ಬಸ್ಸಿನಲ್ಲಿ ಕುಲುಕಿಯೋ ಬಂದು, ತಾರಿಕಟ್ಟೆಯಲ್ಲಿ ಕಾದು, ಕೊನೆಗೆ ಹೊಳೆಯನ್ನು ದಾಟುವಷ್ಟರಲ್ಲಿ ಬಿಸಿಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಮುಂದಿನ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಬೆನ್ನ ಮೇಲೆ ಗುಡಾರವಿದೆ, ಚೀಲದಲ್ಲಿ ಬುತ್ತಿಯಿದೆ, ಎದುರಿಗೆ ಚಾಪೆ ಹಾಸಿದಂತೆ ಹರವಾದ ಮರಳಿದೆ. ಇಂಥ ಸಮಯದಲ್ಲಿ ಇಲ್ಲಿಯೇ ಇಳಿಯೋಣವೆಂದು ಹೇಳದವರು ವಿರಳ. ಆದರೆ ಆ ಸ್ಥಳವನ್ನು ನಾವು ಆರಿಸುವುದು ಸಂಜೆಯ ಆರು ಗಂಟೆಗೆ; ಅದರಲ್ಲಿ ಇರಬೇಕಾದುದು ಮರುದಿನ ಬೆಳಗಿನ ಆರು ಗಂಟೆಯವರೆಗೆ. ಈ ಹನ್ನೆರಡು ಗಂಟೆಗಳಲ್ಲಿ ನೀರಿನ ಮಟ್ಟ, ಗಾಳಿಯ ದಿಕ್ಕು, ನೆಲದ ಉಷ್ಣತೆ ಇವೆಲ್ಲವೂ ಬದಲಾಗುವುವು. ಸಂಜೆ ಕಂಡ ಸ್ಥಳವೇ ನಡುರಾತ್ರಿಯಲ್ಲಿಯೂ ಇರುವುದೆಂದು ನಂಬುವುದು ಬಿಡಾರ ಹೂಡುವವರ ಮೊದಲನೆಯ ತಪ್ಪು. ಈ ತಪ್ಪನ್ನು ನಾವೂ ಮಾಡಿದ್ದೇವೆ. ಆದುದರಿಂದ ಅದನ್ನು ಹೇಳಿ ಮುಂದುವರಿಯುವುದೇ ನ್ಯಾಯ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುವ ಅಳಿವೆಯ ಉತ್ತರದಂಡೆಗೆ ತದಡಿ, ದಕ್ಷಿಣದಂಡೆಗೆ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಕೆಲವು ವರ್ಷಗಳ ಹಿಂದೆ ಬನದ ಹುಣ್ಣಿಮೆಯ ದಿನ ನಾವು ಮೂವರು ಗೋಕರ್ಣದ ಕಡೆಯಿಂದ ಬಂದು, ತದಡಿಯಲ್ಲಿ ದೋಣಿ ಹತ್ತಿ, ದಕ್ಷಿಣದ ದಡದಲ್ಲಿ ಇಳಿದೆವು. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆ ಇದ್ದಿತು. ನೀರು ಬಹಳ ಕೆಳಗೆ ಇಳಿದಿತ್ತು. ದಡದಿಂದ ನೂರಾರು ಹೆಜ್ಜೆ ದೂರದವರೆಗೆ ಗಟ್ಟಿಯಾದ, ಕಲ್ಲುಮುಳ್ಳಿಲ್ಲದ, ಅಂಗಳದಂಥ ಮರಳು ತೆರೆದುಕೊಂಡಿತ್ತು. ಮೇಲೆ ಹೋದರೆ ತೆಂಗಿನ ತೋಟ, ಬೇಲಿ, ನಾಯಿ. ಇಲ್ಲಿಯಾದರೆ ಯಾರ ಹಂಗೂ ಇಲ್ಲ. ಗುಡಾರವನ್ನು ಬಿಚ್ಚಿದೆವು.

ಅಷ್ಟರಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬುಟ್ಟಿ ತುಂಬಿಕೊಂಡು ದಡಕ್ಕೆ ಬರುತ್ತಿದ್ದ ವೃದ್ಧೆಯೊಬ್ಬಳು ನಮ್ಮನ್ನು ನೋಡಿ ನಿಂತಳು. "ತಮಾ, ಇಲ್ಲಿ ಮಲಗೂದಾ? ರಾತ್ರಿ ಭರತ ಬರ್ತದೆ," ಎಂದಳು. ನಾವು, ನೀರು ಅಷ್ಟು ದೂರದಲ್ಲಿದೆಯಲ್ಲ ಅಜ್ಜೀ, ಎಂದು ನಕ್ಕೆವು. ಅವಳು ನೀರಿನ ಕಡೆಗೆ ನೋಡಲೇ ಇಲ್ಲ. ಪೂರ್ವದಲ್ಲಿ ಆಗತಾನೆ ಏಳುತ್ತಿದ್ದ ಚಂದ್ರನ ಕಡೆ ಕೈ ತೋರಿಸಿ ಹೊರಟುಹೋದಳು. ನಾವು ಅವಳ ಮಾತಿಗೆ ಮರ್ಯಾದೆ ತೋರಿಸಲು ಗುಡಾರವನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಎಳೆದುಕೊಂಡೆವು, ಉಂಡು ಮಲಗಿದೆವು. ರಾತ್ರಿ ಹತ್ತೂವರೆಯ ಸುಮಾರಿಗೆ ನಮ್ಮಲ್ಲೊಬ್ಬರಿಗೆ ಕಾಲು ತಣ್ಣಗಾಗಿ ಎಚ್ಚರವಾಯಿತು. ಹಾಸಿಗೆಯ ಅಡಿಯಲ್ಲಿ ಮರಳು ಹಿಟ್ಟಿನಂತೆ ಕುಸಿಯುತ್ತಿತ್ತು. ಪರದೆ ಸರಿಸಿ ನೋಡಿದರೆ ಬೆಳುದಿಂಗಳಿನಲ್ಲಿ ನಾಲ್ಕು ಕಡೆಯೂ ನೀರು! ದಡದ ಕಡೆಯ ತಗ್ಗಿನಲ್ಲಿ ನೀರು ಮೊದಲೇ ತುಂಬಿ, ನಾವು ಮಲಗಿದ್ದ ದಿಬ್ಬವು ಸಣ್ಣ ದ್ವೀಪವಾಗಿತ್ತು. ಮೊಣಕಾಲುದ್ದದ ನೀರಿನಲ್ಲಿ ಸಾಮಾನು ಹೊತ್ತು ದಡ ಸೇರಿದೆವು. ಒಂದು ಜೊತೆ ಪಾದರಕ್ಷೆಯೂ ಅಕ್ಕಿಯ ಚೀಲವೂ ಹೋದುವು. ಇನ್ನು ಅರ್ಧ ಗಂಟೆ ನಿದ್ರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಈಗಲೂ ಹಿತವಾದ ಕೆಲಸವಲ್ಲ.

ಆ ಅಜ್ಜಿಯು ನೀರನ್ನು ನೋಡದೆ ಚಂದ್ರನನ್ನು ತೋರಿಸಿದುದು ಏಕೆ? ಕಡಲಿನ ಉಬ್ಬರವಿಳಿತಗಳಿಗೆ ಚಂದ್ರನ ಆಕರ್ಷಣೆ ಮುಖ್ಯ ಕಾರಣವೆಂಬುದನ್ನೂ ಸೂರ್ಯನ ಆಕರ್ಷಣೆ ಅದಕ್ಕೆ ಸಹಾಯಕವೆಂಬುದನ್ನೂ ವಾಚಕರು ಬಲ್ಲರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ, ಭೂಮಿ, ಚಂದ್ರ ಮೂರೂ ಹೆಚ್ಚುಕಡಮೆ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಎರಡು ಆಕರ್ಷಣೆಗಳೂ ಕೂಡಿಕೊಂಡು ಉಬ್ಬರವು ಹೆಚ್ಚು ಎತ್ತರಕ್ಕೆ ಏರುವುದು, ಇಳಿತವು ಹೆಚ್ಚು ಕೆಳಗೆ ಹೋಗುವುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ದಿನದಿಂದ ದಿನಕ್ಕೆ ಅದು ಸುಮಾರು ೫೦ ನಿಮಿಷ ತಡವಾಗುತ್ತ ಹೋಗುವುದು. ನಮ್ಮ ಉತ್ತರ ಕನ್ನಡದ ತೀರದಲ್ಲಿ ಹುಣ್ಣಿಮೆಯ ದಿನದ ಉಬ್ಬರಗಳು ಮಧ್ಯಾಹ್ನಕ್ಕೂ ನಡುರಾತ್ರಿಗೂ ಕೊಂಚ ಮುಂಚೆ ಬರುವುವು. ಹಾಗಾದರೆ ಸಂಜೆ ಐದು ಆರು ಗಂಟೆಯ ಹೊತ್ತಿಗೆ ಇಳಿತವು ತನ್ನ ತಳವನ್ನು ಮುಟ್ಟಿರಬೇಕಷ್ಟೆ. ಪ್ರಯಾಣಿಕನು ದೋಣಿಯಿಂದ ಇಳಿಯುವ ವೇಳೆಯಲ್ಲಿಯೇ ಮರಳು ಅತ್ಯಂತ ವಿಶಾಲವಾಗಿ, ಅತ್ಯಂತ ಆಕರ್ಷಕವಾಗಿ ಕಾಣುವುದು. ಅವನು ಗಾಢನಿದ್ರೆಯಲ್ಲಿರುವಾಗ ನೀರು ಮೇಲೇರಿರುವುದು. ಕಡಲು ಮೋಸ ಮಾಡಿತೆಂದು ನಾವು ಆ ರಾತ್ರಿ ಗೊಣಗಿದೆವು. ಅದು ತನ್ನ ವೇಳಾಪಟ್ಟಿಯನ್ನು ಒಂದು ನಿಮಿಷವೂ ತಪ್ಪಿರಲಿಲ್ಲ.

ಇನ್ನು ನೀರು ಅಷ್ಟು ಬೇಗ ಹೇಗೆ ಬಂದಿತೆಂಬ ಪ್ರಶ್ನೆ. ನಮ್ಮ ಈ ತೀರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಇರುವ ಎತ್ತರದ ವ್ಯತ್ಯಾಸ ಸುಮಾರು ಒಂದೂವರೆಯಿಂದ ಎರಡು ಮೀಟರು. ಇದೇ ಪಶ್ಚಿಮ ತೀರದಲ್ಲಿ ಖಂಬಾತದ ಕೊಲ್ಲಿಗೆ ಹೋದರೆ ಅದು ಹತ್ತು ಮೀಟರನ್ನೂ ಮುಟ್ಟುವುದುಂಟು. ಅದರ ಮುಂದೆ ನಮ್ಮದು ಅಲ್ಪವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡೋಣ. ನೀರು ಆರು ಗಂಟೆಗಳ ಕಾಲವೂ ಒಂದೇ ಸಮನೆ ಏರುವುದಿಲ್ಲ. ನಾವಿಕರಲ್ಲಿ ರೂಢಿಯಾಗಿರುವ ಒಂದು ಸ್ಥೂಲ ಸೂತ್ರದ ಪ್ರಕಾರ, ಒಟ್ಟು ಏರಿಕೆಯನ್ನು ಹನ್ನೆರಡು ಭಾಗ ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಭಾಗ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯವುಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು ಭಾಗ ನೀರು ಏರುವುದು. ಒಟ್ಟು ಏರಿಕೆ ೧.೬ ಮೀಟರು ಎಂದಿಟ್ಟುಕೊಂಡರೆ ನಡುವಣ ಎರಡು ಗಂಟೆಗಳಲ್ಲಿ, ಗಂಟೆಗೆ ೪೦ ಸೆಂಟಿಮೀಟರಿನಂತೆ, ಅರ್ಧದಷ್ಟು ಏರಿಬಿಡುವುದು. ಅಳಿವೆಯ ಮರಳು ಬಹುಮಟ್ಟಿಗೆ ಚಪ್ಪಟೆ. ಐವತ್ತು ಮೀಟರು ನಡೆದರೆ ಒಂದು ಮೀಟರು ಏರುವಷ್ಟು ಇಳಿಜಾರು ಅಲ್ಲಿದೆಯೆಂದುಕೊಂಡರೆ, ೪೦ ಸೆಂಟಿಮೀಟರು ಮೇಲಕ್ಕೆ ಏರುವ ನೀರು ನೆಲದ ಮೇಲೆ ೨೦ ಮೀಟರು ಮುಂದೆ ಬರುವುದು. ಎಂದರೆ ನಿಮಿಷಕ್ಕೆ ಒಂದು ಅಡಿ. ನಾವು ದೊಡ್ಡ ಮನಸ್ಸಿನಿಂದ ಹಿಂದೆ ಸರಿದಿದ್ದ ಇಪ್ಪತ್ತು ಹೆಜ್ಜೆಗಳ ಬೆಲೆ ಮುಕ್ಕಾಲು ಗಂಟೆಯಷ್ಟೆ ಆಗಿದ್ದಿತು!

ಆದುದರಿಂದ ಅಳಿವೆಯ ದಡದಲ್ಲಿ ಇಳಿದವನು ಮೊದಲು ನೋಡಬೇಕಾದುದು ನೀರು ಎಲ್ಲಿದೆಯೆಂದಲ್ಲ, ಎಲ್ಲಿಯವರೆಗೆ ಬಂದುಹೋಗಿದೆಯೆಂದು. ಇದಕ್ಕೆ ಪುಸ್ತಕ ಬೇಡ. ಪ್ರತಿಯೊಂದು ಉಬ್ಬರವೂ ಹಿಂದಿರುಗುವಾಗ ತಾನು ಮುಟ್ಟಿದ ಕೊನೆಯ ಅಂಚಿನಲ್ಲಿ ಕಸಕಡ್ಡಿ, ಒಣಗಿದ ಪಾಚಿ, ಚಿಪ್ಪು, ಕಾಂಡ್ಲಾ ಗಿಡದ ಎಲೆ, ಈಚಿನ ದಿನಗಳಲ್ಲಿ ಬೇಕಾದಷ್ಟು ಪ್ಲಾಸ್ಟಿಕ್ಕು, ಇವುಗಳ ಒಂದು ಗೆರೆಯನ್ನು ಬಿಟ್ಟುಹೋಗುವುದು. ಕೆಲವೊಮ್ಮೆ ಇಂಥ ಎರಡು ಮೂರು ಗೆರೆಗಳು ಒಂದರ ಮೇಲೊಂದು ಕಾಣುವುವು. ಕೆಳಗಿನ ಗೆರೆ ಇಂದಿನ ಮಧ್ಯಾಹ್ನದ್ದಿರಬಹುದು. ಅದನ್ನು ನಂಬಿ ಮಲಗಬಾರದು. ಒಂದೇ ದಿನದ ಎರಡು ಉಬ್ಬರಗಳು ಸಮಾನ ಎತ್ತರದವಲ್ಲ. ಹಗಲಿನದಕ್ಕಿಂತ ರಾತ್ರಿಯದು ಹೆಚ್ಚಾಗಿರಬಹುದು. ಎಲ್ಲಕ್ಕಿಂತ ಮೇಲಿನ ಗೆರೆಯನ್ನು ಹುಡುಕಿ, ಅದಕ್ಕಿಂತಲೂ ಆಳೆತ್ತರ ಮೇಲಕ್ಕೆ ಹೋಗುವುದು ಲೇಸು. ಗಿಡಬಳ್ಳಿಗಳು ಇನ್ನೂ ಪ್ರಾಮಾಣಿಕ ಸಾಕ್ಷಿಗಳು. ಆಡಿನ ಗೊರಸಿನಂತೆ ಸೀಳಿದ ಎಲೆಯೂ ನೇರಳೆ ಬಣ್ಣದ ಹೂವೂ ಇರುವ ಅಡುಂಬು ಬಳ್ಳಿಯು ಕಡಲ ದಂಡೆಯ ಮರಳಿನ ಮೇಲೆ ಹಬ್ಬಿರುವುದನ್ನು ಕರಾವಳಿಯವರೆಲ್ಲ ನೋಡಿರುತ್ತಾರೆ. ಅದು ಉಪ್ಪುಗಾಳಿಯನ್ನು ಸಹಿಸುವುದಾದರೂ ದಿನಕ್ಕೆರಡು ಸಲ ಮುಳುಗಿ ಬದುಕುವುದಿಲ್ಲ. ಕಾಂಡ್ಲಾ ಗಿಡಗಳ ಸ್ವಭಾವ ಇದಕ್ಕೆ ವಿರುದ್ಧ; ಅವು ಇರುವ ನೆಲವು ಉಬ್ಬರದ ನೆಲವೆಂದೇ ತಿಳಿಯಬೇಕು. ಅಘನಾಶಿನಿಯ ಉಬ್ಬರವು ಅಳಿವೆಯಲ್ಲಿಯೇ ನಿಲ್ಲದೆ ಮಿರ್ಜಾನದ ಕೋಟೆಯನ್ನು ದಾಟಿ ಒಳನಾಡಿಗೆ ಹೋಗುವುದರಿಂದ, ಕಡಲು ಕಣ್ಣಿಗೆ ಕಾಣದ ಹೊಳೆದಂಡೆಗಳಲ್ಲಿಯೂ ಈ ಪರೀಕ್ಷೆ ಅವಶ್ಯ.

ನದಿಯ ನೀರಿನ ಏರಿಳಿತಕ್ಕೆ ಕಡಲೊಂದೇ ಕಾರಣವಲ್ಲ. ಶಿರಸಿಯ ಕಡೆಯ ಮಲೆಗಳಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ೧೧೬ ಮೀಟರು ಕೆಳಕ್ಕೆ ಧುಮುಕಿ ಬರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದುದರಿಂದ ಘಟ್ಟದ ಮೇಲೆ ಬಿದ್ದ ಮಳೆ ತಡೆಯಿಲ್ಲದೆ ಕೆಳಗೆ ಬರುವುದು. ಕೆಳಗಿನ ಆಕಾಶ ಸ್ವಚ್ಛವಾಗಿದ್ದರೂ ಮಲೆಯ ಕಡೆ ಮಿಂಚು ಕಂಡರೆ ಹೊಳೆಯ ಪಾತ್ರದಲ್ಲಿ ಇಳಿಯಬಾರದು. ಅಣೆಕಟ್ಟಿರುವ ನದಿಗಳಲ್ಲಿ ಅಪಾಯವು ಇನ್ನೊಂದು ಬಗೆಯದು. ಅಲ್ಲಿ ಮಳೆಯೂ ಇಲ್ಲದೆ ಮೋಡವೂ ಇಲ್ಲದೆ, ಯಂತ್ರಗಳನ್ನು ನಡೆಸಿದಾಗ ಅಥವಾ ಬಾಗಿಲು ತೆರೆದಾಗ ನೀರು ಬರುವುದು. ೨೦೧೪ರ ಜೂನ್ ೮ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು, ಹೈದರಾಬಾದಿನಿಂದ ಪ್ರವಾಸ ಬಂದು ನದಿಯ ಬಂಡೆಗಳ ಮೇಲೆ ನಿಂತಿದ್ದ ೨೪ ಮಂದಿ ವಿದ್ಯಾರ್ಥಿಗಳನ್ನು ಬಲಿ ತೆಗೆದುಕೊಂಡಿತು. ಅದು ಸಂಜೆಯ ಹೊತ್ತು. ಅವರು ಎಚ್ಚರವಾಗಿದ್ದರು, ತರುಣರಾಗಿದ್ದರು. ಅದೇ ಸ್ಥಳದಲ್ಲಿ ರಾತ್ರಿ ಮಲಗಿದ್ದವರ ಗತಿಯೇನೆಂದು ಕೇಳಬೇಕಾಗಿಲ್ಲ. ಅಣೆಕಟ್ಟಿನ ಕೆಳಗಣ ನದಿಯ ಪಾತ್ರವನ್ನು, ಅದು ಎಷ್ಟೇ ಒಣಗಿದ್ದರೂ, ನೀರಿನ ದಾರಿಯೆಂದೇ ಎಣಿಸತಕ್ಕದ್ದು.

ಅಣೆಕಟ್ಟಿನ ಮೇಲ್ಗಡೆಯ ಹಿನ್ನೀರಿನ ಸಂಗತಿ ಮತ್ತೆ ಬೇರೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರನ್ನು ಸಿಗಂದೂರಿನ ಯಾತ್ರಿಕರು ಹೊಳೆಬಾಗಿಲಿನ ಲಾಂಚಿನಲ್ಲಿ ದಶಕಗಳ ಕಾಲ ದಾಟಿದರು. ೨೦೨೫ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆಯಿತು. ಅಲ್ಲಿ ನೀರು ರಾತ್ರೋರಾತ್ರಿ ನುಗ್ಗುವ ಭಯ ಕಡಮೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಹೊರಬೀಳುವ ಬಯಲು ಮಾತ್ರ ಮೇಲೆ ಒಣಗಿ ಬಿರುಕುಬಿಟ್ಟಿದ್ದು, ಒಳಗೆ ಹಸಿ ಕೆಸರಾಗಿರುವುದು. ಕೋಲಿನಿಂದ ಚುಚ್ಚಿ ನೋಡದೆ ಅದರ ಮೇಲೆ ಭಾರ ಇಳಿಸುವುದು ಜಾಣತನವಲ್ಲ.

ನೀರಿನ ಮಾತಾಯಿತು, ಗಾಳಿಗೆ ಬರೋಣ. ಚಳಿಗಾಲದ ಸಂಜೆ ಕರಾವಳಿಯಲ್ಲಿ ಇಳಿದವನ ಮುಖಕ್ಕೆ ಪಡುವಣ ಗಾಳಿ ತಂಪಾಗಿ ಬೀಸುವುದು. ಹಗಲಿನಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರಿ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುವುದೇ ಇದಕ್ಕೆ ಕಾರಣ. ಪ್ರಯಾಣಿಕನು ಆ ಗಾಳಿಯನ್ನು ಮೆಚ್ಚಿ ಗುಡಾರದ ಬಾಗಿಲನ್ನು ಪಡುವಣಕ್ಕೆ ತೆರೆದಿಡುವನು. ಹೊಗೆ ಒಳಗೆ ಬಾರದಿರಲೆಂದು ಒಲೆಯನ್ನು ಪೂರ್ವದ ಕಡೆ ಹೂಡುವನು. ಸೂರ್ಯಾಸ್ತವಾದ ಮೇಲೆ ಈ ಗಾಳಿ ಸಣ್ಣಗಾಗಿ, ಸ್ವಲ್ಪ ಕಾಲ ಎಲೆಯೂ ಅಲುಗದಂತೆ ನಿಂತುಬಿಡುವುದು. ಆಮೇಲೆ ನೆಲವು ಕಡಲಿಗಿಂತ ಬೇಗ ತಣ್ಣಗಾಗಿ, ಪೂರ್ವದ ಮಲೆಗಳ ಕಡೆಯಿಂದ ಹೊಳೆಯ ಕಣಿವೆಯನ್ನೇ ಹಾದಿ ಮಾಡಿಕೊಂಡು ನೆಲಗಾಳಿಯು ಕಡಲಿನತ್ತ ಇಳಿಯತೊಡಗುವುದು. ಈಗ ಒಲೆ ಗುಡಾರಕ್ಕೆ ಗಾಳಿಯ ಮೇಲ್ಗಡೆ ಬಂದಿತು! ಆರಿತೆಂದು ಬಿಟ್ಟ ಕೆಂಡದ ಕಿಡಿ ನೇರವಾಗಿ ಬಟ್ಟೆಯ ಮೇಲೆ. ಈ ಕಾರಣದಿಂದ ಕರಾವಳಿಯಲ್ಲಿ ಒಲೆಯನ್ನು ಪೂರ್ವ ಪಶ್ಚಿಮಗಳೆರಡನ್ನೂ ಬಿಟ್ಟು ಉತ್ತರಕ್ಕೋ ದಕ್ಷಿಣಕ್ಕೋ ಹೂಡಬೇಕು. ಮಲಗುವ ಮುನ್ನ ನೀರು ಸುರಿದು, ಕೈಯಿಂದ ಮುಟ್ಟಿ ನೋಡಬೇಕು. ಬೆಂಕಿಯ ಮೇಲೆ ಬರಿಯ ಮರಳನ್ನು ಎಳೆದು ಬಿಡುವುದು ಇನ್ನೂ ಕೆಟ್ಟದ್ದು. ಅಡಿಯಲ್ಲಿ ಕೆಂಡ ಬಹಳ ಹೊತ್ತು ಬಿಸಿಯಾಗಿಯೇ ಇದ್ದು, ಬೆಳಗ್ಗೆ ಬರಿಗಾಲಿನಲ್ಲಿ ಓಡಿಬರುವ ಮಕ್ಕಳ ಪಾದವನ್ನು ಸುಡುವುದು.

ತಣ್ಣನೆಯ ಗಾಳಿ ಬೆಚ್ಚನೆಯದಕ್ಕಿಂತ ಭಾರ. ಗಾಳಿ ಬೀಸದ ಸ್ವಚ್ಛ ರಾತ್ರಿಯಲ್ಲಿ ಅದು ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗುಗಳಲ್ಲಿ ತುಂಬಿಕೊಳ್ಳುವುದು. ಸುತ್ತಲೂ ದಿಬ್ಬವಿದ್ದು ನಡುವೆ ತಗ್ಗಿರುವ ಜಾಗವು ಗಾಳಿಗೆ ಮರೆಯೆಂದು ಸಂಜೆ ತೋರುವುದು. ಬೆಳಗಿನ ಜಾವದಲ್ಲಿ ಅದೇ ಎಲ್ಲಕ್ಕಿಂತ ಚಳಿಯ, ಎಲ್ಲಕ್ಕಿಂತ ಒದ್ದೆಯ ಜಾಗವಾಗಿರುವುದು. ಕೆಲವೇ ಮೀಟರು ಮೇಲಕ್ಕೆ, ದಿಬ್ಬದ ಪಕ್ಕಕ್ಕೆ ಸರಿದರೆ ಸಾಕು, ವ್ಯತ್ಯಾಸ ಮೈಗೆ ತಿಳಿಯುವುದು.

ಒದ್ದೆಯ ಮಾತು ಬಂದಿತಾದುದರಿಂದ ಇಬ್ಬನಿಯ ಕಡೆಗೂ ಕೊಂಚ ತಿರುಗುವುದು ಉಚಿತ. ಇಬ್ಬನಿ "ಬೀಳುವುದು" ಎಂದು ನಾವು ಹೇಳುತ್ತೇವೆ. ಅದು ಆಕಾಶದಿಂದ ಬೀಳುವುದೆಂದು ಕೆಲವರೂ ಭೂಮಿಯಿಂದ ಏಳುವುದೆಂದು ಕೆಲವರೂ ಬಹುಕಾಲ ವಾದಿಸಿದ್ದುಂಟು. ಲಂಡನ್ನಿನಲ್ಲಿ ವೈದ್ಯರಾಗಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬವರು ರಾತ್ರಿಗಳನ್ನು ತೋಟದಲ್ಲಿ ಕಳೆದು, ತೂಕ ಮಾಡಿದ ಉಣ್ಣೆಯ ಉಂಡೆಗಳನ್ನು ಅಲ್ಲಲ್ಲಿ ಇಟ್ಟು, ಅವು ಎಷ್ಟೆಷ್ಟು ನೀರು ಹೀರಿದುವೆಂದು ಮತ್ತೆ ತೂಗಿ ನೋಡಿ, ೧೮೧೪ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಕೋಲುಗಳ ಮೇಲೆ ಹಲಗೆಯೊಂದನ್ನು ನಿಲ್ಲಿಸಿ, ಅದರ ಮೇಲೊಂದು ಅಡಿಯಲ್ಲೊಂದು ಉಂಡೆಯನ್ನಿಟ್ಟಾಗ ಮೇಲಿನದು ಹೆಚ್ಚು ತೊಯ್ದಿತು, ಅಡಿಯದು ಬಹಳ ಕಡಮೆ. ತೆರೆದ ಆಕಾಶವನ್ನು ಕಾಣುವ ವಸ್ತುಗಳು ತಮ್ಮ ಶಾಖವನ್ನು ವಿಕಿರಣದಿಂದ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತವೆ. ಹಾಗೆ ತಣ್ಣಗಾದ ಮೈಯನ್ನು ಮುಟ್ಟಿದ ಗಾಳಿಯಲ್ಲಿನ ಆವಿ ಹನಿಯಾಗುತ್ತದೆ. ವೆಲ್ಸರ ಈ ವಿವರಣೆಯು ಇಂದಿಗೂ ನಿಂತಿದೆ. ಗುಡಾರ ಹೂಡುವವನಿಗೆ ಇದರಿಂದ ದೊರೆಯುವ ಪ್ರಯೋಜನ ನೇರವಾದುದು. ಮೇಲೆ ಮರದ ಹಂದರವಿದ್ದರೆ, ಅದು ವೆಲ್ಸರ ಹಲಗೆಯಂತೆ ಆಕಾಶವನ್ನು ಮರೆಮಾಡಿ ಇಬ್ಬನಿಯನ್ನು ತಗ್ಗಿಸುವುದು. ಮಂದವಾದ ಗಾಳಿ ಆಡುವ ಜಾಗದಲ್ಲಿ, ತಣ್ಣಗಾದ ಮೈಗೆ ಬೆಚ್ಚನೆಯ ಗಾಳಿ ಮತ್ತೆ ಮತ್ತೆ ತಗಲುವುದರಿಂದ, ಇಬ್ಬನಿ ಕಡಮೆ. ಹುಲ್ಲು ಬೆಳೆದ ತಗ್ಗಿನಲ್ಲಿ ಅತಿ ಹೆಚ್ಚು. ಇದಲ್ಲದೆ ಗುಡಾರದ ಒಳಗಣ ತೇವಕ್ಕೆ ಇಬ್ಬನಿಯನ್ನೇ ದೂರಬಾರದು. ಮಲಗಿದ ಮನುಷ್ಯನೊಬ್ಬನು ಉಸಿರಿನಿಂದಲೂ ಚರ್ಮದಿಂದಲೂ ರಾತ್ರಿಯಲ್ಲಿ ಸುಮಾರು ಕಾಲು ಲೀಟರು ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಮೂವರಿದ್ದರೆ ಮುಕ್ಕಾಲು ಲೀಟರು. ಚಳಿಯೆಂದು ಎಲ್ಲ ಕಿಂಡಿಗಳನ್ನೂ ಮುಚ್ಚಿ ಮಲಗಿದವರ ಮೇಲೆ ಅವರದೇ ಉಸಿರು ಬೆಳಗಿನ ಜಾವಕ್ಕೆ ತೊಟ್ಟಿಕ್ಕುವುದು.

ಮರದ ಹಂದರ ಒಳ್ಳೆಯದೆಂದೆವು, ಯಾವ ಮರ? ತೆಂಗು ಮಾತ್ರ ಅಲ್ಲ. ಇಪ್ಪತ್ತು ಮೀಟರು ಎತ್ತರದಿಂದ ಕಳಚಿದ ಕಾಯಿ ಎರಡೇ ಸೆಕೆಂಡುಗಳಲ್ಲಿ ನೆಲ ಮುಟ್ಟುವುದು. ಮುಟ್ಟುವಾಗ ಅದರ ವೇಗ ಗಂಟೆಗೆ ಎಪ್ಪತ್ತು ಕಿಲೋಮೀಟರು. ಕಿಲೋಗ್ರಾಮಿಗೂ ಮೀರಿದ ತೂಕದ ವಸ್ತುವು ಆ ವೇಗದಲ್ಲಿ ಬಂದರೆ ಗುಡಾರದ ಬಟ್ಟೆ ಅದಕ್ಕೆ ಏನೂ ಅಲ್ಲ. ಒಣಗಿದ ಮಡಲೂ ಬೀಳುವುದು. ಗಾಳಿಮರದ ತೋಪಿನಲ್ಲಿ ನೆಲ ಒಣಗಿರುತ್ತದೆ, ಸೂಜಿಯಂಥ ಎಲೆಗಳ ಹಾಸು ಮೆತ್ತಗಿರುತ್ತದೆ. ಒಣ ಕೊಂಬೆಗಳಿಲ್ಲವೆಂದು ತಲೆಯೆತ್ತಿ ನೋಡಿಕೊಂಡು ಅದರಲ್ಲಿ ಇಳಿಯಬಹುದು, ಆದರೆ ಆ ಎಲೆಹಾಸಿಗೆ ಬೆಂಕಿ ಬೇಗ ಹತ್ತುವುದಾದುದರಿಂದ ಅಲ್ಲಿ ಒಲೆ ಕೂಡದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಗುಡುಗು ಮಿಂಚಿನ ಭಯವಿರುವಾಗ ಒಂಟಿಮರದ ಅಡಿಯನ್ನೂ ಬೋಳು ದಿಬ್ಬದ ನೆತ್ತಿಯನ್ನೂ ಬಯಲು ಮರಳನ್ನೂ ಮೂರನ್ನೂ ಬಿಡಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಎಣಿಸಿದರೆ ಸಿಡಿಲಿನ ದೂರ ತಿಳಿಯುವುದು. ಗುಡಾರವು ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡದು. ಅಂಥ ರಾತ್ರಿ ಊರಿನ ಶಾಲೆಯದೋ ಮನೆಯದೋ ಒಳಗನ್ನು ಕೇಳಿ ಪಡೆಯುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ನೆಲದ ಗುಣದ ವಿಷಯವಾಗಿ ಒಂದೆರಡು ಮಾತು. ಅಘನಾಶಿನಿಯ ಎರಡು ದಂಡೆಗಳಲ್ಲಿಯೂ ಗಜನಿ ಎಂಬ ತಗ್ಗುಭೂಮಿಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಇವುಗಳಲ್ಲಿ ಬೆಳೆಯುವುದು ಹಳೆಯ ಪದ್ಧತಿ. ಗಜನಿಯ ಸುತ್ತಣ ಕಟ್ಟೆ ಎತ್ತರವಾಗಿ, ಸಮವಾಗಿ, ಗುಡಾರಕ್ಕೆ ಹೇಳಿ ಮಾಡಿಸಿದಂತೆ ಕಾಣುವುದು. ಆದರೆ ಅದು ಮಣ್ಣಿನ ಕಟ್ಟೆ. ಅದರಲ್ಲಿ ಗೂಟ ಹೊಡೆದರೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಒಬ್ಬರ ಬೆಳೆಯನ್ನು ಕಾಯುವ ಗೋಡೆಯ ಮೇಲೆ ನಮ್ಮ ಹಾಸಿಗೆ ಸಲ್ಲದು. ಅದಲ್ಲದೆ ನಿಂತ ನೀರಿನ ಬದಿಯಲ್ಲಿ ಸೊಳ್ಳೆಗಳು ಅಪಾರ. ಸೊಳ್ಳೆ ಬಲಹೀನವಾದ ಹಾರುಗ. ಎಡೆಬಿಡದೆ ಗಾಳಿಯಾಡುವ ಜಾಗದಲ್ಲಿ ಅದರ ಆಟ ನಡೆಯದು. ಚಿರೆಕಲ್ಲಿನ ಹಳೆಯ ಗೋಡೆಗಳು ಗಾಳಿಗೆ ಒಳ್ಳೆಯ ಮರೆಯಾದರೂ ಅವುಗಳ ಸಂದುಗಳಲ್ಲಿ ಹಾವು ಚೇಳುಗಳು ಮನೆಮಾಡಿಕೊಂಡಿರುವುದುಂಟು. ಹತ್ತು ಹೆಜ್ಜೆ ದೂರ ಇರುವುದು ಒಳ್ಳೆಯದು.

ಸಡಿಲವಾದ ಒಣ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲವೆಂದು ಅನೇಕರು ಗಟ್ಟಿಯಾದ ಹಸಿ ಮರಳನ್ನು ಹುಡುಕಿಕೊಂಡು ಕೆಳಗೆ ಹೋಗುತ್ತಾರೆ. ಮರಳು ಏಕೆ ಗಟ್ಟಿಯಾಗಿದೆಯೆಂದು ಅವರು ಕೇಳಿಕೊಳ್ಳಬೇಕು. ಕಣಗಳ ನಡುವೆ ಉಳಿದ ನೀರು ಅವುಗಳನ್ನು ಹಿಡಿದುಕೊಂಡಿದೆ. ಆ ನೀರು ಈಚೆಗೆ ಬಂದುಹೋದ ಉಬ್ಬರದ್ದು. ಒಣ ಮರಳಿನಲ್ಲಿಯೇ ಗುಡಾರವನ್ನು ನಿಲ್ಲಿಸುವ ಉಪಾಯ ಸುಲಭ. ಮೊಳದುದ್ದದ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಕೋಲನ್ನು ಹಗ್ಗಕ್ಕೆ ಅಡ್ಡವಾಗಿ ಒಂದು ಅಡಿ ಆಳದಲ್ಲಿ ಹೂತು, ಮೇಲೆ ಮರಳು ಎಳೆದು ತುಳಿಯಬೇಕು. ಆಗ ಎಳೆತಕ್ಕೆ ಎದುರಾಗಿ ನಿಲ್ಲುವುದು ಕೋಲೊಂದೇ ಅಲ್ಲ, ಅದರ ಮುಂದಿನ ಮರಳಿನ ರಾಶಿಯೆಲ್ಲ.

ಸ್ಥಳವನ್ನು ಇಷ್ಟೊಂದು ಪರೀಕ್ಷಿಸಲು ಹೊತ್ತು ಬೇಕು. ನಮ್ಮ ನಾಡಿನಲ್ಲಿ ಸೂರ್ಯನು ಕ್ಷಿತಿಜಕ್ಕೆ ಹೆಚ್ಚು ನೆಟ್ಟಗೆ ಇಳಿಯುವುದರಿಂದ ಮುಳುಗಿದ ಮೇಲೆ ಓದುವಷ್ಟು ಬೆಳಕು ಉಳಿಯುವುದು ೨೦-೨೫ ನಿಮಿಷ ಮಾತ್ರ. ಲಂಡನ್ನಿನ ಜೂನ್ ಸಂಜೆಯಲ್ಲಿ ಇದರ ಇಮ್ಮಡಿ ಹೊತ್ತು ಇರುವುದು. ಪರದೇಶದ ಶಿಬಿರಪುಸ್ತಕಗಳನ್ನು ಓದಿ ಸಂಜೆಯ ಬೆಳಕನ್ನು ನಂಬಿಕೊಂಡವನು ಇಲ್ಲಿ ಕತ್ತಲೆಯಲ್ಲಿ ಗೂಟ ಹುಡುಕುವನು. ಕೊನೆಯ ತಾರಿಯನ್ನು ಬಿಟ್ಟು ಅದಕ್ಕೆ ಹಿಂದಿನದನ್ನೋ ಅದಕ್ಕೂ ಹಿಂದಿನದನ್ನೋ ಹಿಡಿದು, ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚೆ ಆಚೆಯ ದಡದಲ್ಲಿರಬೇಕು. ಅದು ತಪ್ಪಿಹೋದರೆ ಈಚೆಯ ದಡದಲ್ಲಿಯೇ ಉಳಿದು ಬೆಳಗ್ಗೆ ದಾಟುವುದು ಮೇಲೆಂದು ನಮ್ಮ ಅಭಿಪ್ರಾಯ. ಹೊಳೆ ಎಲ್ಲಿಗೂ ಹೋಗುವುದಿಲ್ಲ. ಇನ್ನು ದೋಣಿಯಲ್ಲಿ ಕುಳಿತಿರುವಾಗಲೇ ಜೊತೆಯವರನ್ನು ಕೇಳಬೇಕಾದ ಪ್ರಶ್ನೆಗಳಿವೆ: ಇಂದು ಭರತ ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಬರುತ್ತದೆ, ಕುಡಿಯುವ ನೀರಿನ ಬಾವಿ ಎಲ್ಲಿ, ಆ ಬಯಲು ಯಾರದು, ಮಲಗಲು ಯಾರ ಅನುಮತಿ ಬೇಕು. ೨೦೨೪ರಿಂದ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಜೌಗುತಾಣ. ಚಳಿಗಾಲದಲ್ಲಿ ಈ ಜಿಲ್ಲೆಯ ಕಡಲದಂಡೆಗಳಿಗೆ ಮೊಟ್ಟೆಯಿಡಲು ಆಮೆಗಳು ಬರುವುದುಂಟು, ಅವುಗಳಿಗೆ ದೀಪದ ಬೆಳಕು ಶತ್ರು. ಇದನ್ನೆಲ್ಲ ಬಲ್ಲವರು ದೋಣಿಯಲ್ಲಿಯೇ ಪಕ್ಕದಲ್ಲಿ ಕುಳಿತಿರುತ್ತಾರೆ. ನಾವು ಕೇಳದೆಯೇ ಒಬ್ಬಳು ಹೇಳಿದ್ದಳು.

ಎರಡು ವರ್ಷದ ಮೇಲೆ ಅದೇ ದಡಕ್ಕೆ, ಈ ಸಲ ಅಮಾವಾಸ್ಯೆಯ ಮರುದಿನ, ಮಧ್ಯಾಹ್ನ ಮೂರೂವರೆಯ ದೋಣಿಯಲ್ಲಿ ಹೋದೆವು. ಮನೆಯೊಂದರ ಯಜಮಾನರನ್ನು ಕೇಳಿ, ಅವರ ಹಿತ್ತಲಿನ ಅಂಚಿನಲ್ಲಿ, ತೆಂಗಿನ ಸಾಲಿನಿಂದ ಆಚೆಗೆ, ಗೇರುಮರದ ಅಡಿಯಲ್ಲಿ ಗುಡಾರ ಹೂಡಿದೆವು. ಕೆಳಗೆ ಉಬ್ಬರದ ಮೇಲಿನ ಗೆರೆ, ಅದಕ್ಕೂ ಮೇಲೆ ಅಡುಂಬು ಬಳ್ಳಿ, ಅದಕ್ಕೂ ಮೇಲೆ ನಾವು. ನಡುರಾತ್ರಿ ಕಳೆದು ಅರ್ಧ ಗಂಟೆಗೆ ಕುತೂಹಲದಿಂದ ಲಾಂದ್ರ ಹಿಡಿದು ಇಳಿದು ನೋಡಿದೆವು. ನಾವು ಹಿಂದೆ ಮಲಗಿದ್ದ ಅಂಗಳದಂಥ ಮರಳು ಎಲ್ಲಿಯೂ ಇರಲಿಲ್ಲ. ನೀರು ಕಸದ ಗೆರೆಗೆ ಬಂದು ನಿಂತು, ಅದಕ್ಕೆ ಹೊಸದಾಗಿ ಒಂದು ತೆಂಗಿನ ಚಿಪ್ಪನ್ನು ಸೇರಿಸುತ್ತಿತ್ತು. ಅಲ್ಲಿಂದ ಗುಡಾರಕ್ಕೆ ಮೂವತ್ತನಾಲ್ಕು ಹೆಜ್ಜೆ, ಏರುಹಾದಿ. ನೆಲಗಾಳಿ ಆಗಲೇ ಆರಂಭವಾಗಿತ್ತು. ಲಾಂದ್ರದ ಹೊಗೆ ಕಡಲಿನ ಕಡೆಗೆ ಹೋಗುತ್ತಿದ್ದಿತು. ಹಿಂದಿರುಗಿ ಬಂದು, ಪೂರ್ವದ ಕಡೆಯ ಪರದೆಯನ್ನು ಕಟ್ಟಿ, ಪಡುವಣದ್ದನ್ನು ಅಂಗೈಯಗಲ ತೆರೆದಿಟ್ಟು ಮಲಗಿದೆವು.